ಪ್ರೀತಿಗೆ ವಿಳಾಸ ಕೇಳುವ ಹಾಡು: ರ‍್ಯಾಪ್ ಮತ್ತು ದುಡಿಯುವ ಮನೆಗಳ ಹದಿಹರೆಯ

ಸಿನಿಮಾದ ಪ್ರೇಮಗೀತೆಯಲ್ಲಿ ಜೋಡಿಗೆ ಜಾಗದ ಚಿಂತೆ ಇರುವುದಿಲ್ಲ. ಪಲ್ಲವಿ ಮುಗಿಯುವಷ್ಟರಲ್ಲಿ ಜಲಪಾತದ ಎದುರಿಗಿರುತ್ತಾರೆ, ಎರಡನೇ ಚರಣಕ್ಕೆ ಹಿಮದ ಬೆಟ್ಟ ತಲುಪಿರುತ್ತಾರೆ. ಬಸ್ಸಿಗೆ ದುಡ್ಡು ಕೊಟ್ಟವರು ಯಾರು, ಹುಡುಗಿ ಮನೆಯಲ್ಲಿ ಏನು ಹೇಳಿ ಬಂದಿದ್ದಾಳೆ, ಕತ್ತಲಾಗುವ ಮೊದಲು ಹೇಗೆ ಮರಳುತ್ತಾಳೆ ಎಂಬ ಪ್ರಶ್ನೆಗಳು ಆ ಹಾಡಿನೊಳಗೆ ಹುಟ್ಟುವುದೇ ಇಲ್ಲ. ರ‍್ಯಾಪ್ ಹುಟ್ಟಿದ್ದು ಇಂಥ ಪ್ರಶ್ನೆಗಳಿಂದ ಒಂದು ದಿನವೂ ಬಿಡುಗಡೆಯಿಲ್ಲದ ಮಕ್ಕಳ ನಡುವೆ. ಹಾಗಾಗಿ ಅದರಲ್ಲಿ ಪ್ರೀತಿಗೆ ಒಂದು ವಿಳಾಸ ಇದ್ದೇ ಇರುತ್ತದೆ: ವಠಾರದ ಮೆಟ್ಟಿಲು, ಬೀದಿಯ ಮೂಲೆ, ಬಸ್ ನಿಲ್ದಾಣ, ಕರೆನ್ಸಿ ಮುಗಿಯುತ್ತ ಬಂದ ಮೊಬೈಲ್.

ದಾವಣಗೆರೆಯ ಗ್ಯಾರೇಜಿನಲ್ಲಿ, ಐಟಿಐ ಕಾಲೇಜಿನ ಕಾಂಪೌಂಡಿನ ಮೇಲೆ, ಹರಿಹರದ ಬಸ್ಸಿನ ಹಿಂದಿನ ಸೀಟಿನಲ್ಲಿ ಈಗ ಕೇಳುತ್ತಿರುವುದು ಈ ಸಂಗೀತವೇ. ಮನೆಯ ಹಿರಿಯರ ಕಿವಿಗೆ ಬೀಳುವುದು ಎರಡೇ ಸಂಗತಿ: ಬೈಗುಳ ಮತ್ತು ವೇಗ. ಬೈಗುಳ ಇರುವುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹದಿಹರೆಯದ ಹುಡುಗ ಹುಡುಗಿಯರ ಸಂಬಂಧವನ್ನು ದುಡ್ಡು, ದುಡಿಮೆ, ಜಾಗಗಳಿಂದ ಬೇರ್ಪಡಿಸದೆ ಹೇಳಿದ ಜನಪ್ರಿಯ ಕಲೆಗಳು ನಮ್ಮ ಕಾಲದಲ್ಲಿ ತೀರಾ ಕಡಿಮೆ, ಮತ್ತು ಅವುಗಳಲ್ಲಿ ರ‍್ಯಾಪ್ ಎಲ್ಲಕ್ಕಿಂತ ನೇರವಾದುದು ಎಂಬುದು ನನ್ನ ನಂಬಿಕೆ. ಅದನ್ನು ಕೇಳುವ ಬಗೆ ಗೊತ್ತಾದರೆ ಮಗನ ಮೊಬೈಲಿನ ಸದ್ದು ಅಪ್ಪ ಅಮ್ಮನಿಗೆ ಬೇರೆಯೇ ಆಗಿ ಕೇಳಿಸೀತು.

ಮೊದಲು ಕಟ್ಟಡ ಹೇಗಿದೆ ನೋಡೋಣ. ರ‍್ಯಾಪ್‌ನಲ್ಲಿ ರಾಗ ಹಿಂದೆ ಸರಿದು ಮಾತಿನ ಲಯ ಮುಂದೆ ಬರುತ್ತದೆ. ಕೆಳಗೆ ಒಂದೇ ಸಮನೆ ಮರಳುವ ತಾಳದ ತುಣುಕನ್ನು ಬೀಟ್ ಎನ್ನುತ್ತಾರೆ. ಆ ತಾಳದ ಒಂದು ಆವರ್ತ, ಅಂದರೆ ನಾಲ್ಕು ಪೆಟ್ಟುಗಳ ಘಟಕ, ಒಂದು ಬಾರ್. ಇಂಥ ಹದಿನಾರು ಬಾರ್ ಸೇರಿದರೆ ರೂಢಿಯ ಅಳತೆಯ ಒಂದು ಚರಣ. ಪ್ರತಿ ಪೆಟ್ಟನ್ನು ನಾಲ್ಕಾಗಿ ಸೀಳಿದರೆ ಒಂದು ಬಾರ್‌ನಲ್ಲಿ ಹದಿನಾರು ಸಣ್ಣ ಮಾತ್ರೆಗಳು ಸಿಗುತ್ತವೆ. ಹೈಸ್ಕೂಲಿನಲ್ಲಿ ಛಂದಸ್ಸು ಓದಿದವರಿಗೆ ಈ ಲೆಕ್ಕ ಪರಿಚಿತ: ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ಹದಿನಾರು, ಅದೇ ಮಂದಾನಿಲ ರಗಳೆ. ಪರೀಕ್ಷೆಗೆಂದು ನಾನೇ ಎರಡು ಸಾಲು ಕಟ್ಟಿದ್ದೇನೆ:

ಮಂಡಿಯ ಮೂಟೆಯ ಹೊತ್ತನು ಅಪ್ಪನು
ಬಂಡಿಯ ದೂಡುತ ಬೆಳೆದನು ಅಣ್ಣನು

ಯಾವುದೇ ಸಾಧಾರಣ ಬೀಟ್ ಹಾಕಿ ಇದನ್ನು ಹೇಳಿದರೆ ಒಂದು ಅಕ್ಷರವೂ ಹೊರಗೆ ಉಳಿಯದೆ ಕೂರುತ್ತದೆ. ಕನ್ನಡಕ್ಕೆ ರ‍್ಯಾಪ್ ಒಗ್ಗುವುದಿಲ್ಲ ಎನ್ನುವವರಿಗೆ ರಗಳೆಯ ಕವಿ ಹರಿಹರನ ಕಾಲದಿಂದಲೂ ಉತ್ತರ ಸಿದ್ಧವಿದೆ. ಆದರೆ ಕನ್ನಡದಲ್ಲಿ ಒಂದು ಅಪಾಯವೂ ಇದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅದರ ಪ್ರತ್ಯಯಗಳು ಒಂದೇ ಥರ ಮುಗಿಯುತ್ತವೆ. ನೋಡುತ್ತೇನೆ, ಕಾಯುತ್ತೇನೆ, ಸೋಲುತ್ತೇನೆ ಎಂದು ಸಾಲುಗಟ್ಟಿ ನಿಲ್ಲಿಸಿದರೆ ಅಂತ್ಯಪ್ರಾಸ ಪುಕ್ಕಟೆಯಾಗಿ ದೊರೆಯುತ್ತದೆ, ಕೇಳುವವರಿಗೆ ಬೇಸರವೂ ಬರುತ್ತದೆ. ಬಲ್ಲವರು ಪ್ರಾಸವನ್ನು ಸಾಲಿನ ಮೊದಲಿಗೆ, ನಡುವಿಗೆ ಎಳೆದು ತರುತ್ತಾರೆ. ಅದನ್ನು ಎಷ್ಟು ಹೊತ್ತು ತಡೆದು ಯಾವಾಗ ಬಿಡುತ್ತಾರೆ ಎಂಬುದನ್ನು ಫ್ಲೋ ಎನ್ನುತ್ತಾರೆ. ಹದಿನೇಳರ ಹುಡುಗನ ಎದೆಗುಂದಿಕೆ, ಅವಸರ, ಹೇಳಲಾಗದೆ ನುಂಗಿದ ಮಾತು ಬಹಳ ಸಲ ಪದಕ್ಕಿಂತ ಹೆಚ್ಚಾಗಿ ಈ ತಡೆ ಬಿಡುವಿನಲ್ಲಿಯೇ ಕೇಳಿಸುತ್ತದೆ.

ಈ ಕಲೆಯ ಹುಟ್ಟಿನ ಕಥೆಯಲ್ಲಿಯೇ ಒಬ್ಬ ಹುಡುಗಿ ಇದ್ದಾಳೆ, ಅವಳಿಗೆ ದುಡ್ಡಿನ ಅಡಚಣೆಯೂ ಇದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ 1520, ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ಸಾಮೂಹಿಕ ಕೋಣೆಯಲ್ಲಿ ಒಂದು ಪಾರ್ಟಿ ನಡೆಯಿತು. ಹಾಡಿನ ರೆಕಾರ್ಡ್ ತಟ್ಟೆಗಳನ್ನು ತಿರುಗಿಸಿದವನು ಕ್ಲೈವ್ ಕ್ಯಾಂಪ್‌ಬೆಲ್, ಜಗತ್ತು ಅವನನ್ನು ಡಿಜೆ ಕೂಲ್ ಹರ್ಕ್ ಎಂದು ಕರೆಯುತ್ತದೆ. ಆಗ ಅವನಿಗೆ ಹದಿನೆಂಟು. ಪಾರ್ಟಿ ಏರ್ಪಡಿಸಿದವಳು ಮಾತ್ರ ಅವನ ತಂಗಿ ಸಿಂಡಿ. ಶಾಲೆ ಮತ್ತೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಬೇಕಿತ್ತು, ಅದಕ್ಕೆ ಹಣ ಬೇಕಿತ್ತು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಎಂದು ಕೈಬರಹದ ಚೀಟಿ ಹಂಚಿದರು. ರ‍್ಯಾಪ್ ಸೇರಿದ ಹಿಪ್‌ಹಾಪ್ ಕಲೆಯ ಇತಿಹಾಸ ಹೇಳುವವರು ಅಣ್ಣನ ಕೈಚಳಕವನ್ನು ವಿವರವಾಗಿ ಹೇಳುತ್ತಾರೆ, ತಂಗಿಯ ಬಟ್ಟೆಯ ವಿಷಯವನ್ನು ಬಾಯಿಮಾತಿಗೆ ತೇಲಿಸಿ ಬಿಡುತ್ತಾರೆ. ನನಗೆ ಎರಡೂ ಸಮಾನ ಮುಖ್ಯ. ಸಹಪಾಠಿಗಳ ಎದುರು ಹಳೆಯ ಅಂಗಿಯಲ್ಲಿ ನಿಲ್ಲಲಾರೆ ಎಂಬ ಹದಿಹರೆಯದ ಮಾನಾಪಮಾನ ಆ ಸಂಗೀತದ ತಳದಲ್ಲಿ ಮೊದಲ ದಿನದಿಂದಲೇ ಇತ್ತು.

ಆ ಬ್ರಾಂಕ್ಸ್ ಎಂಥ ಊರಾಗಿತ್ತು? ಅದರ ಎದೆಯನ್ನು ಸೀಳಿಕೊಂಡು ಹೆದ್ದಾರಿ ಹಾದುಹೋಗಿತ್ತು, ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡಿದ್ದವು. ಕಾರ್ಖಾನೆಗಳು ಬಾಗಿಲು ಹಾಕಿದ್ದವು. ಆ ದಶಕದಲ್ಲಿ ಕಟ್ಟಡಗಳಿಗೆ ಬೆಂಕಿ ಬೀಳುವುದು ದಿನನಿತ್ಯದ ಸುದ್ದಿಯಾಗಿತ್ತು. ದಾವಣಗೆರೆಯವರಿಗೆ ಇದರ ಅರ್ಧ ಕಥೆ ವಿವರಣೆಯಿಲ್ಲದೆ ತಿಳಿಯುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಂಪು ಬಾವುಟ ಹಿಡಿದ ಗಿರಣಿ ಕಾರ್ಮಿಕರ ಸಂಘಟನೆ ಎಷ್ಟು ಬಲವಾಗಿತ್ತೆಂದರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ಊರು ಮತ್ತೆ ಮತ್ತೆ ವಿಧಾನಸಭೆಗೆ ಕಳುಹಿಸಿತ್ತು. ಆ ಕಾರ್ಮಿಕರ ಮೊಮ್ಮಕ್ಕಳು ಇಂದು ಜವಳಿ ಅಂಗಡಿಯಲ್ಲಿ ಸೀರೆ ಮಡಚುತ್ತಾರೆ, ಮೊಬೈಲ್ ರಿಪೇರಿ ಕಲಿಯುತ್ತಾರೆ, ಬೈಕಿನಲ್ಲಿ ಊಟದ ಪೊಟ್ಟಣ ತಲುಪಿಸುತ್ತಾರೆ. ಅಜ್ಜನಿಗೆ ಸೈರನ್ ಇತ್ತು, ಪಾಳಿ ಇತ್ತು, ಸಂಘ ಇತ್ತು. ಮೊಮ್ಮಗನಿಗೆ ಕೆಲಸ ಇದೆ, ಜೊತೆಗಾರರ ಆ ಗುಂಪು ಇಲ್ಲ. ರ‍್ಯಾಪ್‌ನ ‘ನನ್ನ ಗ್ಯಾಂಗು, ನನ್ನ ಏರಿಯಾ’ ಎಂಬ ಮೆರೆತ ಈ ಖಾಲಿ ಜಾಗದಲ್ಲಿಯೇ ಬೇರೂರುತ್ತದೆ.

ಈಗ ಪ್ರೀತಿಗೆ ಬರೋಣ. 1984ರಲ್ಲಿ ಯುಟಿಎಫ್‌ಒ ಎಂಬ ಹುಡುಗರ ತಂಡವೊಂದು ರಾಕ್ಸಾನ್ ಎಂಬ ಕಲ್ಪಿತ ಹುಡುಗಿಯ ಮೇಲೆ ಹಾಡು ಕಟ್ಟಿತು. ಒಬ್ಬೊಬ್ಬನೂ ಸರದಿಯಂತೆ ತನ್ನ ಜಾಣ್ಮೆ ಹೊಗಳಿಕೊಳ್ಳುತ್ತಾನೆ, ಅವಳು ಯಾರಿಗೂ ಸೊಪ್ಪು ಹಾಕುವುದಿಲ್ಲ, ಅದಕ್ಕೆ ಅವಳು ಸೊಕ್ಕಿನವಳು. ಬೀದಿಯಲ್ಲಿ ನಡೆದು ಹೋಗುವ ಹುಡುಗಿಯನ್ನು ಕೆಣಕಿ, ಅವಳು ತಿರುಗಿ ನೋಡದಿದ್ದರೆ ಹೆಸರಿಡುವ ಚಾಳಿ ನಮ್ಮ ಸರ್ಕಲ್‌ಗಳಿಗೂ ಹೊಸದಲ್ಲ. ಆದರೆ ಮುಂದೆ ಆದದ್ದು ಹೊಸದು. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ‘ಆ ರಾಕ್ಸಾನ್ ನಾನೇ’ ಎಂದು ನಿಂತು ಉತ್ತರದ ಹಾಡು ಧ್ವನಿಮುದ್ರಿಸಿದಳು. ಮನೆಯ ಬಟ್ಟೆ ಒಗೆಯಲು ಒಯ್ಯುತ್ತಿದ್ದವಳು ದಾರಿಯಲ್ಲಿ ನಿಂತು ಇದನ್ನು ಹಾಡಿ ಹೋದಳು ಎಂಬುದು ಆ ಕಥೆಯೊಂದಿಗೆ ಸದಾ ಬರುವ ವಿವರ. ರಾಕ್ಸಾನ್ ಶಾಂಟೆ ಎಂಬ ಹೆಸರು ಅವಳಿಗೆ ಅಲ್ಲಿಂದ ಅಂಟಿತು. ಅವಳು ಆ ಹುಡುಗರ ಅಂದ, ಮಾತು, ಪ್ರಾಸ ಮೂರನ್ನೂ ಒಂದೊಂದಾಗಿ ಕಿತ್ತು ಬಿಸಾಡಿದಳು. ಆ ಮೇಲೆ ಉತ್ತರಕ್ಕೆ ಉತ್ತರವಾಗಿ ಡಜನ್‌ಗಟ್ಟಲೆ ಹಾಡುಗಳು ಬಂದವು.

ಈ ಸವಾಲು ಜವಾಬಿನ ಮಾದರಿಯನ್ನು ಉತ್ತರ ಕರ್ನಾಟಕದ ಯಾವ ಜಾತ್ರೆಗೆ ಹೋಗಿ ಹೇಳಿದರೂ ಜನ ಆಶ್ಚರ್ಯಪಡುವುದಿಲ್ಲ. ಹರದೇಶಿ ನಾಗೇಶಿ ಮೇಳಗಳು ರಾತ್ರಿಯಿಡೀ ಮಾಡುವುದು ಇದನ್ನೇ. ಹರದೇಶಿಯವರು ಗಂಡು ಹೆಚ್ಚೆಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚೆಂದು ಎದುರು ಹಾಡುತ್ತಾರೆ, ಸೋಲು ಗೆಲುವನ್ನು ನೆರೆದ ಜನ ನಿರ್ಧರಿಸುತ್ತಾರೆ. ನಮ್ಮ ಕಡೆಯ ಮದುವೆಗಳಲ್ಲಿ ಬೀಗರ ಪದಗಳು ಅದೇ ಕೆಲಸವನ್ನು ಸಲಿಗೆಯಿಂದ ಮಾಡುತ್ತಿದ್ದವು. ವಚನವೇ ನಮ್ಮ ರ‍್ಯಾಪ್ ಎನ್ನುವ ಮಾತು ಈಗ ಅಲ್ಲಲ್ಲಿ ಕೇಳುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ. ವಚನಕಾರರ ಎದುರು ನಿಂತದ್ದು ದೇವರು ಮತ್ತು ಸಮಾಜ, ಪ್ರಾಸ ಹಿಡಿದ ಎದುರಾಳಿಯಲ್ಲ. ರ‍್ಯಾಪ್‌ಗೆ ಹತ್ತಿರದ ನಂಟು ಹುಡುಕುವುದಾದರೆ ಹರದೇಶಿ ನಾಗೇಶಿಯಲ್ಲಿ ಹುಡುಕಬೇಕು. ಅಲ್ಲಿ ಹೆಣ್ಣಿನ ಪಕ್ಷವಿಲ್ಲದೆ ಆಟವೇ ಶುರುವಾಗುವುದಿಲ್ಲ.

ಹದಿಹರೆಯದ ಸಂಬಂಧವನ್ನು ರ‍್ಯಾಪ್ ಎಷ್ಟು ನಿರ್ದಾಕ್ಷಿಣ್ಯವಾಗಿ ಹೇಳಬಲ್ಲದು ಎಂಬುದಕ್ಕೆ ನನ್ನ ಮಟ್ಟಿಗೆ ಅತ್ಯುತ್ತಮ ಉದಾಹರಣೆ ಲಂಡನ್ನಿನದು. ನಗರದ ಪೂರ್ವಭಾಗದ ಬೋ ಎಂಬಲ್ಲಿನ ಸರ್ಕಾರಿ ವಸತಿ ಗೋಪುರಗಳಲ್ಲಿ ನಿಂತರೆ ಕೆನರಿ ವಾರ್ಫ್‌ನ ಬ್ಯಾಂಕುಗಳ ಗಾಜಿನ ಕಟ್ಟಡಗಳು ಕಣ್ಣಿಗೆ ಹೊಡೆಯುವಂತೆ ಕಾಣುತ್ತವೆ. ಅಲ್ಲಿಗೆ ನಡೆದು ಹೋಗಬಹುದು, ಒಳಗೆ ಕಾಲಿಡಲು ಕಾರಣ ಬೇಕು. ಆ ಪರಿಸರದಲ್ಲಿ 2000ದ ಆಸುಪಾಸಿನಲ್ಲಿ ಗ್ರೈಮ್ ಎಂಬ ಬಗೆ ಹುಟ್ಟಿತು. ನಿಮಿಷಕ್ಕೆ 140 ಪೆಟ್ಟಿನ ಓಟ, ಅಗ್ಗದ ಕಂಪ್ಯೂಟರಿನಲ್ಲಿ ಕಟ್ಟಿದ ಒರಟು ಸದ್ದು, ಪರವಾನಗಿ ಇಲ್ಲದ ರೇಡಿಯೋ ಕೇಂದ್ರಗಳಲ್ಲಿ ಪ್ರಸಾರ. ಅಲ್ಲಿಂದ ಬಂದ ಡಿಜಿ ರಾಸ್ಕಲ್ ತನ್ನ ಮೊದಲ ಆಲ್ಬಮ್‌ಗೆ 2003ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಮರ್ಕ್ಯುರಿ ಪ್ರಶಸ್ತಿ ಪಡೆದ, ಅದೂ ಹದಿಹರೆಯ ದಾಟುವ ಮೊದಲೇ. ಆ ಆಲ್ಬಮ್‌ನ ‘ಐ ಲವ್ ಯು’ ಎಂಬ ಹಾಡಿನ ಶೀರ್ಷಿಕೆ ಕೇಳಿ ಯಾರಾದರೂ ಮೃದುವಾದದ್ದನ್ನು ನಿರೀಕ್ಷಿಸಿದರೆ ಬೆಚ್ಚಿ ಬೀಳಬೇಕಾಗುತ್ತದೆ.

ಹಾಡಿನಲ್ಲಿ ಗೆಳೆಯರು ಹುಡುಗನನ್ನು ಕೆಣಕುತ್ತಾರೆ: ಅವಳು ನಿನ್ನವಳಲ್ಲವೇ? ಅವನು ಗುಂಪಿನ ಎದುರು ನಿರಾಕರಿಸುತ್ತಾನೆ, ಅವಳೇ ಬಿಡದೆ ಫೋನ್ ಮಾಡುತ್ತಾಳೆ ಎನ್ನುತ್ತಾನೆ. ನಡುವೆ ಗರ್ಭದ ಮಾತು ಬರುತ್ತದೆ, ಹುಡುಗಿಗೆ ಹದಿನೈದು ಎಂಬ ಮಾತು ಬರುತ್ತದೆ, ಆಗ ಅವನಿಗೆ ಹೆದರಿಕೆ ಹುಟ್ಟುವುದು ಅವಳ ಬಗ್ಗೆ ಅಲ್ಲ, ಕಾನೂನಿನ ಬಗ್ಗೆ. ಅಷ್ಟರಲ್ಲಿ ಹುಡುಗಿಯ ದನಿ ಒಳನುಗ್ಗಿ ಅವನು ಆಡಿದ ಬೈಗುಳವನ್ನು ಅಷ್ಟೇ ತೂಕದಲ್ಲಿ ಅವನಿಗೆ ಮರಳಿಸುತ್ತದೆ. ಅವನನ್ನು ಹೊಗಳುವುದು ಹಾಡಿನ ಉದ್ದೇಶವಲ್ಲ, ತಿದ್ದುವ ಆತುರವೂ ಅದಕ್ಕಿಲ್ಲ. ಶೀರ್ಷಿಕೆಯ ಪದಗಳನ್ನು ಯಂತ್ರದಂಥ ದನಿ ಪುನರುಚ್ಚರಿಸುತ್ತಿರುವಾಗ ಅವುಗಳ ಮೇಲೆ ಭಾರ ಹೊರಿಸಲು ಇಬ್ಬರಿಗೂ ಧೈರ್ಯವಿಲ್ಲ ಎಂಬುದು ತಿಳಿಯುತ್ತದೆ. ಗೆಳೆಯರ ಎದುರು ಪ್ರೀತಿಯನ್ನು ಒಪ್ಪಿಕೊಂಡರೆ ಗಂಡಸುತನಕ್ಕೆ ಕುಂದು, ಒಪ್ಪದಿದ್ದರೆ ಅವಳಿಗೆ ದ್ರೋಹ. ಈ ಇಕ್ಕಟ್ಟನ್ನು ಉಪದೇಶವಿಲ್ಲದೆ ತೋರಿಸಿದ್ದೇ ಆ ಹಾಡಿನ ಶಕ್ತಿ.

ನಮ್ಮಲ್ಲಿ ಈ ಕಥೆ ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಪಿಯುಸಿ ಓದುವ ಇಬ್ಬರ ನಡುವೆ ಸಂಬಂಧ ಬೆಳೆದರೆ ಹುಡುಗ ಠಾಣೆ ಮೆಟ್ಟಿಲು ಹತ್ತುವ ಸಾಧ್ಯತೆ ಇದೆ. ಹುಡುಗಿಯ ಶಿಕ್ಷೆ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ: ಕಾಲೇಜು ನಿಲ್ಲುತ್ತದೆ, ಮೊಬೈಲ್ ಕಸಿಯುತ್ತಾರೆ, ಅವಸರದಲ್ಲಿ ವರ ನೋಡುತ್ತಾರೆ. ಜಾತಿ ಅಥವಾ ಧರ್ಮ ಬೇರೆಯಾದರೆ ಮಾತು ಮನೆಯಾಚೆಗೂ ಹೋಗುತ್ತದೆ. ಲಂಡನ್ನಿನ ಹಾಡನ್ನು ಕೇಳುವ ದಾವಣಗೆರೆಯ ಹುಡುಗನಿಗೆ ಅದರ ಇಂಗ್ಲಿಷ್ ಅರ್ಧ ತಿಳಿಯದೇ ಇರಬಹುದು, ಆ ಅಂಜಿಕೆ ಪೂರ್ತಿ ತಿಳಿಯುತ್ತದೆ.

ದುಡಿಯುವ ವರ್ಗದ ಯುವಕರನ್ನು ಅರಿಯಲು ವಿದ್ವಾಂಸರೂ ಹೊರಟಿದ್ದರು. ಬ್ರಿಟನ್ನಿನ ಪಾಲ್ ವಿಲ್ಲಿಸ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಗಾರಿಕಾ ಪಟ್ಟಣವೊಂದರ ಹನ್ನೆರಡು ಕಾರ್ಮಿಕರ ಮನೆಯ ಹುಡುಗರನ್ನು ಹತ್ತಿರದಿಂದ ಕಂಡರು. ಅವರು ಶಾಲೆಯನ್ನು ಲೇವಡಿ ಮಾಡುತ್ತಾರೆ, ಓದುವವರನ್ನು ಅಣಕಿಸುತ್ತಾರೆ, ಮೈಬಲವೇ ದೊಡ್ಡದೆನ್ನುತ್ತಾರೆ. ತಾವು ವ್ಯವಸ್ಥೆಯನ್ನು ಧಿಕ್ಕರಿಸುತ್ತಿದ್ದೇವೆ ಎಂದುಕೊಂಡ ಆ ಹುಡುಗರನ್ನು ಅದೇ ಧಿಕ್ಕಾರವೇ ಅಪ್ಪಂದಿರ ಕಾರ್ಖಾನೆಯ ಬಾಗಿಲಿಗೆ ತಲುಪಿಸಿತು. ರ‍್ಯಾಪ್‌ನ ಠೇಂಕಾರವನ್ನು ಕೇಳುವಾಗ ಈ ಮಾತು ಮನಸ್ಸಿನಲ್ಲಿ ಇರಬೇಕು. ಅದು ಸಿಟ್ಟು ಹೌದು, ಎಲ್ಲ ಸಲವೂ ಬಿಡುಗಡೆಯಲ್ಲ.

ಇಂಥ ಅಧ್ಯಯನಗಳಲ್ಲಿ ಹುಡುಗಿಯರು ಎಲ್ಲಿ ಎಂದು ಕೇಳಿದವರು ಏಂಜೆಲಾ ಮ್ಯಾಕ್‌ರಾಬಿ. ಜೆನ್ನಿ ಗಾರ್ಬರ್ ಜೊತೆ 1976ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಹೇಳಿದ್ದು ಸರಳ: ಸಂಶೋಧಕರು ಬೀದಿಯಲ್ಲಿ ಹುಡುಕಿದರು, ಹುಡುಗಿಯರು ಮನೆಯೊಳಗೆ ತಮ್ಮ ಮಲಗುವ ಕೋಣೆಗಳಲ್ಲಿ ಇದ್ದರು, ಪೋಸ್ಟರ್, ರೆಕಾರ್ಡ್, ಗೆಳತಿಯರ ಹರಟೆ, ಅದೇ ಅವರ ಲೋಕ. ಈ ವಾದವನ್ನು ಓದಿದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಆ ಒಲೆಗಳ ಪಕ್ಕದಲ್ಲಿಯೇ ಮನೆಗಳಿವೆ, ಒಂದೋ ಎರಡೋ ಕೋಣೆ, ಹೊಗೆ, ಐದಾರು ಜನ. ಅಲ್ಲಿ ಹುಡುಗಿಗೆ ತನ್ನದೆನ್ನುವ ಕೋಣೆ ಎಲ್ಲಿಂದ ಬರಬೇಕು? ಮ್ಯಾಕ್‌ರಾಬಿ ಕಂಡ ಖಾಸಗಿತನವೂ ಬಡವರ ಮನೆಗೆ ಬರುವಷ್ಟರಲ್ಲಿ ಇಲ್ಲವಾಗುತ್ತದೆ. ಅವಳಿಗೆ ಉಳಿಯುವುದು ಮೊಬೈಲಿನ ಪರದೆ ಮತ್ತು ಒಂದು ಜೊತೆ ಇಯರ್‌ಫೋನ್. ಆ ಮೊಬೈಲೂ ತಮ್ಮನ ಜೊತೆ ಹಂಚಿಕೊಂಡದ್ದಾದರೆ ಸಂದೇಶಗಳನ್ನು ಓದಿದ ತಕ್ಷಣ ಅಳಿಸಬೇಕು.

ಹುಡುಗರಿಗೆ ಬೀದಿ ಇದೆ. ಚಹಾದ ಅಂಗಡಿ, ಮೈದಾನ, ನಿಲ್ಲಿಸಿದ ಬೈಕಿನ ಸೀಟು ಎಲ್ಲವೂ ಅವರಿಗೆ ಕೂರುವ ಜಾಗ. ಜೋಡಿಯಾಗಿ ಕೂರಲು ಮಾತ್ರ ಅವರಿಗೂ ಜಾಗವಿಲ್ಲ. ದಾವಣಗೆರೆಯಲ್ಲಿ ಕುಂದವಾಡ ಕೆರೆಯ ಏರಿ, ಗಾಜಿನ ಮನೆಯ ಹುಲ್ಲುಹಾಸು. ಚಿತ್ರದುರ್ಗದಲ್ಲಿ ಕೋಟೆಯ ಬಂಡೆಗಳ ಮರೆ, ಚಂದ್ರವಳ್ಳಿಯ ಕೆರೆದಂಡೆ. ಅಲ್ಲೆಲ್ಲ ಪರಿಚಯದವರ ಕಣ್ಣು, ಕಾವಲುಗಾರನ ಸೀಟಿ, ಯಾರದೋ ಮೊಬೈಲ್ ಕ್ಯಾಮೆರಾ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಎದುರುಬದುರು ಕುಳಿತರೆ ದೋಸೆ ಮುಗಿಯುವವರೆಗೆ ಮಾತ್ರ ಅವಕಾಶ, ಏಕೆಂದರೆ ಹಿಂದೆ ಜನ ಕಾಯುತ್ತಿರುತ್ತಾರೆ. 2019ರಲ್ಲಿ ಬಂದ ‘ಗಲ್ಲಿ ಬಾಯ್’ ಚಿತ್ರದಲ್ಲಿ ಇಬ್ಬರು ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತು, ಮಾತಾಡದೆ, ಒಂದೇ ಇಯರ್‌ಫೋನನ್ನು ಹಂಚಿಕೊಳ್ಳುವ ದೃಶ್ಯ ನಮ್ಮ ಹುಡುಗರಿಗೆ ಅಷ್ಟು ಹತ್ತಿರವಾದದ್ದು ಇದಕ್ಕಾಗಿಯೇ ಎಂದು ನನಗನಿಸುತ್ತದೆ. ಬಸ್ ಟಿಕೆಟಿನ ಬೆಲೆಗೆ ಸಿಗುವ ಖಾಸಗಿತನ ಅದು.

ಆ ಚಿತ್ರಕ್ಕೆ ಸ್ಫೂರ್ತಿಯಾದವರು ಮುಂಬೈಯ ರ‍್ಯಾಪರ್‌ಗಳಾದ ಡಿವೈನ್ ಮತ್ತು ನೇಜಿ. ಕುರ್ಲಾದ ನೇಜಿ 2014ರಲ್ಲಿ ತನ್ನ ಮೊದಲ ಹಾಡನ್ನು ಐಪ್ಯಾಡ್‌ನಲ್ಲಿಯೇ ಧ್ವನಿಮುದ್ರಿಸಿ, ಚಿತ್ರೀಕರಿಸಿ ಹೊರತಂದ. ಎರಡು ವರ್ಷದ ನಂತರ ಜಿಯೋ ಬಂದು ಇಂಟರ್ನೆಟ್ ಅಗ್ಗವಾಯಿತು, ಸ್ಟುಡಿಯೋ ಎಂಬ ಬಾಗಿಲೇ ಬೇಡವಾಯಿತು. ಯೂಟ್ಯೂಬಿನಿಂದ ಒಂದು ಬೀಟ್, ಕಂಬಳಿ ಹೊದ್ದು ಮೊಬೈಲಿನಲ್ಲಿ ಧ್ವನಿ, ಉಳಿದದ್ದು ಗೆಳೆಯನ ಎಡಿಟಿಂಗ್. ಸಂಗೀತ ಕಲಿಯಲು ಶುಲ್ಕ ಕೊಡಲಾಗದ ಮನೆಯ ಮಕ್ಕಳಿಗೆ ಇದಕ್ಕಿಂತ ಅಗ್ಗದ ಕಲೆ ಮತ್ತೊಂದಿಲ್ಲ. ಅರಿವು ಎಂಬ ತಮಿಳು ರ‍್ಯಾಪರ್ ತನ್ನ ಅಜ್ಜಿಯ ಕೂಲಿ ಬದುಕನ್ನು, ಭೂಮಿಯಿಲ್ಲದವರ ನೋವನ್ನು ರ‍್ಯಾಪ್‌ಗೆ ತಂದಾಗ, ಭಾರತದಲ್ಲಿ ದುಡಿಯುವ ವರ್ಗದ ಮಾತೆತ್ತಿ ಜಾತಿಯನ್ನು ಬಿಡಲಾಗದು ಎಂಬುದೂ ಬೀಟಿನ ಮೇಲೆ ಬಂತು.

ಕನ್ನಡದಲ್ಲಿ ರ‍್ಯಾಪ್ ಎಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಚಂದನ್ ಶೆಟ್ಟಿ. ಈ ಕಲೆಯನ್ನು ಹಳ್ಳಿಯ ಮದುವೆ ಮೆರವಣಿಗೆಯವರೆಗೂ ತಲುಪಿಸಿದ ಶ್ರೇಯಸ್ಸಿನ ದೊಡ್ಡ ಪಾಲು ಅವರದು. ಆದರೆ ಜನಪ್ರಿಯವಾದ ಕನ್ನಡ ರ‍್ಯಾಪ್‌ನ ಬಹುಪಾಲು ಪಾರ್ಟಿಯ ಹಾಡುಗಳಲ್ಲಿ ನಿಂತಿದೆ: ಗ್ಲಾಸು, ಕಾರು, ಕೈಕೊಟ್ಟ ಹುಡುಗಿ. ಊರಿನ ಹುಡುಗರು ಬರೆಯಲು ಕುಳಿತಾಗ ಅದನ್ನೇ ಅನುಕರಿಸುತ್ತಾರೆ. ಮನೆಯಲ್ಲಿರುವುದು ಸೈಕಲ್, ಹಾಡಿನಲ್ಲಿರುವುದು ಐಷಾರಾಮಿ ಕಾರು. ಇದನ್ನು ಬರೀ ಸುಳ್ಳೆಂದು ತಳ್ಳುವುದು ಅನ್ಯಾಯ. ಹೆಸರಾಂತ ಕಂಪನಿಯ ಬೂಟಿನ ಮೇಲೆ ರನ್ ಡಿಎಂಸಿ ತಂಡ 1986ರಲ್ಲಿ ಹಾಡು ಮಾಡಿದಾಗಿನಿಂದಲೂ ರ‍್ಯಾಪ್‌ನಲ್ಲಿ ವಸ್ತುಗಳು ಮರ್ಯಾದೆಯ ಗುರುತು. ಜವಳಿ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳಿಗೆ ತಲೆಬಾಗಿದವನು ಸಂಜೆ ಬ್ರ್ಯಾಂಡ್ ಹೆಸರಿನ ಟೀ ಶರ್ಟ್ ಹಾಕಿ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುವುದಕ್ಕೆ ಅರ್ಥವಿದೆ. ಕಂತಿನಲ್ಲಿ ಕೊಂಡ ಬೈಕಿನ ಹಿಂದೆ ಅವಳು ಕುಳಿತರೆ ಬೈಕಿಗೆ ಬೆಲೆ ಬಂದಂತೆ. ಈ ಲೆಕ್ಕದಲ್ಲಿ ಹುಡುಗಿಯೂ ವಸ್ತುವಾಗಿಬಿಡುವುದು ಆಪತ್ತು, ಮತ್ತು ‘ಮೋಸ ಮಾಡಿದಳು’ ಎಂಬ ಹಾಡುಗಳು ಹುಟ್ಟುವುದು ಅಲ್ಲಿಂದಲೇ. ಕಂತು ಕಟ್ಟಿದವನಿಗೆ ಅವಳ ‘ಬೇಡ’ ಎಂಬ ಮಾತು ನಷ್ಟದಂತೆ ಕೇಳಿಸುತ್ತದೆ. ಹಾಡು ಅವಳನ್ನು ಹಣದಾಸೆಯವಳೆಂದು ಬೈಯುತ್ತದೆ. ಅವಳಿಗೆ ಓದು ಮುಗಿಸುವ ಆಸೆ ಇದ್ದಿರಬಹುದು, ಮನೆಯಲ್ಲಿ ಹೊಡೆತ ಬಿದ್ದಿರಬಹುದು, ಅಥವಾ ಅವನು ಹಿಡಿಸದೇ ಇದ್ದಿರಬಹುದು ಎಂಬುದಕ್ಕೆ ಅಲ್ಲಿ ಒಂದು ಬಾರ್‌ನಷ್ಟೂ ಜಾಗವಿರುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ರ‍್ಯಾಪ್ ಆಡಿರುವ ಕೆಟ್ಟ ಮಾತುಗಳನ್ನು ‘ಅದು ಬೀದಿಯ ವಾಸ್ತವ’ ಎಂಬ ನೆಪದಲ್ಲಿ ಸಮರ್ಥಿಸಲು ನಾನು ಸಿದ್ಧನಿಲ್ಲ. ಅದೇ ಬೀದಿಯಲ್ಲಿ ಅಮೆರಿಕದ ರ‍್ಯಾಪರ್ ಕ್ವೀನ್ ಲತೀಫಾ ಕೂಡ ನಡೆದಳು. ದಾರಿಯಲ್ಲಿ ಮೈಮುಟ್ಟುವವರಿಗೆ, ಹೆಣ್ಣನ್ನು ಬೈಗುಳದಿಂದಲೇ ಕರೆಯುವವರಿಗೆ, ಹೊಡೆಯುವ ಸಂಗಾತಿಗೆ 1993ರಲ್ಲಿ ಅವಳು ಹಾಡಿನಲ್ಲಿಯೇ ಉತ್ತರ ಕೊಟ್ಟಳು, ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಮುಂಬೈಯಲ್ಲಿ ಡೀ ಎಂಸಿ ಎಂಬ ರ‍್ಯಾಪರ್, ಹುಡುಗರೇ ತುಂಬಿದ ವೇದಿಕೆಗಳಲ್ಲಿ ನಿಂತು ಹಾಡಿದಳು. ಉತ್ತರ ಬಂದಾಗ ಮಾತ್ರ ಈ ಕಲೆ ಹದಿಹರೆಯದ ಸಂಬಂಧದ ಪೂರ್ಣ ಚಿತ್ರ ಕೊಡುತ್ತದೆ. ಅಲ್ಲಿಯವರೆಗೆ ನಮಗೆ ಸಿಗುವುದು ಒಬ್ಬನ ಅಹವಾಲು.

ಇನ್ನೊಂದು ತೊಡಕಿದೆ, ಪೋಷಕರು ಮತ್ತು ಪೊಲೀಸರು ಇಬ್ಬರೂ ಅದರಲ್ಲಿ ಸಿಕ್ಕಿಬೀಳುತ್ತಾರೆ. ರ‍್ಯಾಪ್‌ನಲ್ಲಿ ‘ನಾನು’ ಎಂದಾಗ ಅದು ಯಾರು? ಚಿಂದೋಡಿ ಲೀಲಾ ಅವರಂಥ ದೊಡ್ಡ ಕಲಾವಿದೆಯನ್ನು ಕೊಟ್ಟ ಊರಿನವರಿಗೆ ಇದನ್ನು ಹೇಳುವುದು ಸುಲಭ: ಕಂಪನಿ ನಾಟಕದಲ್ಲಿ ಖಳನ ಪಾತ್ರ ಮಾಡಿದವನನ್ನು ಪರದೆ ಬಿದ್ದ ಮೇಲೆ ಯಾರೂ ಠಾಣೆಗೆ ಎಳೆದೊಯ್ಯುವುದಿಲ್ಲ. ರ‍್ಯಾಪರ್‌ಗೆ ಆ ರಕ್ಷಣೆ ಕಡಿಮೆ, ಏಕೆಂದರೆ ಅವನ ಪಾತ್ರಕ್ಕೂ ಅವನಿಗೂ ಹೆಸರು ಒಂದೇ, ಬೀದಿ ಒಂದೇ. ಅಮೆರಿಕದ ನ್ಯಾಯಾಲಯಗಳಲ್ಲಿ ಹಾಡಿನ ಸಾಲುಗಳನ್ನೇ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಓದಿದ್ದಾರೆ; 2022ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅದಕ್ಕೆ ಕಡಿವಾಣ ಹಾಕುವ ಕಾನೂನು ತರಬೇಕಾಯಿತು. ಹಾಡನ್ನು ತಪ್ಪೊಪ್ಪಿಗೆಯೆಂದು ಓದಬಾರದು. ಹಾಗೆಯೇ ಒಳ್ಳೆಯ ಹಾಡನ್ನು ಒಳ್ಳೆಯ ನಡತೆಯ ಪ್ರಮಾಣಪತ್ರವೆಂದೂ ಓದಬಾರದು. ‘ಐ ಲವ್ ಯು’ ಹಾಡಿನ ಹುಡುಗನ ಇಕ್ಕಟ್ಟನ್ನು ಅಷ್ಟು ನಿಖರವಾಗಿ ಹಾಡಿದ ಡಿಜಿ ರಾಸ್ಕಲ್ 2022ರಲ್ಲಿ ತನ್ನ ಮಾಜಿ ಸಂಗಾತಿಯ ಮೇಲೆ ಹಲ್ಲೆ ನಡೆಸಿದ ಪ್ರಕರಣದಲ್ಲಿ ತಪ್ಪಿತಸ್ಥನೆಂದು ಲಂಡನ್ನಿನ ನ್ಯಾಯಾಲಯ ಹೇಳಿತು. ಹಾಡು ಕಂಡ ಸತ್ಯ ಹಾಡಿದವನನ್ನು ತಿದ್ದಲೇಬೇಕೆಂದಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಬಿಟ್ಟು ಬರೆಯುವುದು ಮಾತ್ರ ಆ ಹಾಡಿನಲ್ಲಿ ಎದುರುತ್ತರ ಕೊಟ್ಟ ಹೆಣ್ಣುದನಿಗೆ ಮಾಡುವ ಅವಮಾನ.

ಹಾಗಾದರೆ ದಾವಣಗೆರೆ ಅಥವಾ ಚಿತ್ರದುರ್ಗದ ಮನೆಯಲ್ಲಿ ಈ ಹಾಡು ಕೇಳಿದಾಗ ಏನನ್ನು ಗಮನಿಸಬೇಕು? ಬೈಗುಳಗಳನ್ನು ಎಣಿಸುವ ಬದಲು, ಹಾಡಿನ ಜೋಡಿ ಎಲ್ಲಿ ಭೇಟಿಯಾಗುತ್ತದೆ, ಖರ್ಚು ಯಾರದು, ನಡುವೆ ಯಾರ ಕಣ್ಣು ಬೀಳುತ್ತದೆ ಎಂದು ಕೇಳಿ ನೋಡಿ. ಹುಡುಗಿಯ ಬಾಯಲ್ಲಿ ಒಂದಾದರೂ ಸಾಲು ಇದೆಯೇ ಎಂದು ನೋಡಿ. ಹಾಡುವವನು ಗೆಳೆಯರ ಎದುರು ಆಡುವ ಮಾತಿಗೂ ಒಂಟಿಯಾಗಿ ಆಡುವ ಮಾತಿಗೂ ವ್ಯತ್ಯಾಸ ಕೇಳಿಸುತ್ತದೆಯೇ ಎಂದು ಕಿವಿಗೊಡಿ. ಹಾಡು ಈ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರೆ ಅದು ನಿಮ್ಮ ಮಗ ಅಥವಾ ಮಗಳು ಊಟದ ಹೊತ್ತಿನಲ್ಲಿ ಹೇಳದ ಸಂಗತಿಗಳನ್ನು ಹೇಳುತ್ತಿದೆ.

ಇಲ್ಲಿ ರ‍್ಯಾಪ್ ಬರೆಯುವ ಹುಡುಗರು ಇದ್ದಾರೆ, ಅವರ ಜೊತೆ ಹುಡುಗಿಯರೂ ಬರಬೇಕಾದರೆ ಅವರಿಗೆ ಧೈರ್ಯ ಹೇಳುವುದರಿಂದ ಮಾತ್ರ ಆಗುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಹುಡುಗಿ ಗಟ್ಟಿಯಾಗಿ ನಾಲ್ಕು ಸಾಲು ಹೇಳಿದರೆ ಪಕ್ಕದ ಮನೆಗೂ ಕೇಳಿಸುತ್ತದೆ. ಹಾಡನ್ನು ಮುಖ ತೋರಿಸದೆ ಹಾಕಿದರೂ ದನಿಯಿಂದ ಗುರುತು ಹಿಡಿಯುತ್ತಾರೆ. ಡಿಜಿ ರಾಸ್ಕಲ್ ಹಲವು ಶಾಲೆಗಳಿಂದ ಹೊರಬಿದ್ದವನು. ಕೊನೆಯ ಶಾಲೆಯ ಸಂಗೀತ ಶಿಕ್ಷಕರೊಬ್ಬರು ಅವನನ್ನು ಸಂಗೀತ ಕೋಣೆಯ ಕಂಪ್ಯೂಟರಿನ ಮುಂದೆ ಕೂರಲು ಬಿಟ್ಟರು, ಅವನ ಆರಂಭದ ಕೆಲಸ ನಡೆದದ್ದು ಅಲ್ಲಿ. ನಮ್ಮ ಸರ್ಕಾರಿ ಪಿಯು ಕಾಲೇಜುಗಳಲ್ಲಿ, ಐಟಿಐಗಳಲ್ಲಿ ಕಂಪ್ಯೂಟರ್ ಕೋಣೆಗಳಿವೆ, ನಾಲ್ಕೂವರೆಗೆ ಬೀಗ ಬೀಳುತ್ತದೆ. ಕೊಂಡಜ್ಜಿಯಲ್ಲಿ ವೃತ್ತಿ ರಂಗಭೂಮಿಗೆಂದೇ ರಂಗಾಯಣ ಇದೆ, ದನಿ ಮತ್ತು ಮಾತು ಬಲ್ಲವರು ಅಲ್ಲಿದ್ದಾರೆ. ವಾರಕ್ಕೆ ಎರಡು ಸಂಜೆ ಒಂದು ಕೋಣೆ, ಒಂದು ಮೈಕ್, ಬಾಗಿಲಲ್ಲಿ ಒಬ್ಬ ಶಿಕ್ಷಕಿ, ಅದರಲ್ಲಿ ಒಂದು ಸಂಜೆ ಹುಡುಗಿಯರಿಗೆ ಮಾತ್ರ. ಮನೆಯಲ್ಲಿ ‘ಕಾಲೇಜಿನಲ್ಲಿ ಕ್ಲಾಸ್ ಇದೆ’ ಎಂದು ಹೇಳಿ ಬರಬಹುದಾದ ಜಾಗ ಅದು, ಹೇಳಿದ್ದು ಸುಳ್ಳೂ ಆಗುವುದಿಲ್ಲ.